ಮೊದಲ ಪ್ರೀತಿ ಮರಳಿ ಸಿಕ್ಕಾಗ: ಐವತ್ತು ದಾಟಿದವರಿಗೆ ಕೆಲವು ಮಾತು

(ಹಿರಿಯರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಹತ್ತನೇ ತರಗತಿಯ ವಾಟ್ಸಾಪ್ ಗುಂಪು, ಮೂವತ್ತು ವರ್ಷದ ಮೇಲೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಮಾಡುವ ಗುರುವಂದನೆ, ಊರ ಜಾತ್ರೆ, ನೆಂಟರ ಮನೆಯ ಮದುವೆಯ ಪಂಕ್ತಿ. ಬಿಟ್ಟುಹೋದ ಮೊದಲ ಪ್ರೀತಿ ನಮ್ಮ ಕಡೆ ಮತ್ತೆ ಎದುರಾಗುವುದು ಹೆಚ್ಚಾಗಿ ಇಂಥ ಜಾಗಗಳಲ್ಲಿ. ಒಬ್ಬರ ಪತಿ ತೀರಿಕೊಂಡು ಕೆಲವು ವರ್ಷ ಆಗಿರುತ್ತದೆ, ಇನ್ನೊಬ್ಬರಿಗೆ ವಿಚ್ಛೇದನ ಆಗಿರುತ್ತದೆ ಅಥವಾ ಅವರು ಮದುವೆಯನ್ನೇ ಆಗಿರುವುದಿಲ್ಲ. ಇಬ್ಬರೂ ಈಗ ಒಂಟಿಯಾಗಿರುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಇವತ್ತು ಮಾತಾಡುತ್ತೇನೆ. ಸಂಸಾರದಲ್ಲಿ ಇರುವವರ ಬಗ್ಗೆ ನಡುವೆ ಸ್ವಲ್ಪ ಹೇಳುತ್ತೇನೆ.

ನನ್ನ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ನೆನಪಿನಲ್ಲಿ ಇರುವವರು ಇಪ್ಪತ್ತರ ಹುಡುಗಿ ಅಥವಾ ಹುಡುಗ, ಈಗ ಎದುರು ಕೂತಿರುವವರು ಐವತ್ತೈದರ ವ್ಯಕ್ತಿ. ಇವರ ಪರಿಚಯ ನಿಮಗೆ ಇನ್ನೂ ಆಗಬೇಕಿದೆ. ಹಳೆಯ ಸಲುಗೆ ಇರುವುದರಿಂದ ಪರಿಚಯ ಈಗಾಗಲೇ ಆಗಿದೆ ಅನ್ನಿಸುತ್ತದೆ, ತಪ್ಪುವುದು ಅಲ್ಲೇ. ಹೊಸ ಸಂಬಂಧಕ್ಕೆ ಎಷ್ಟು ಸಮಯ ಕೊಡುತ್ತೀರೋ ಇದಕ್ಕೂ ಅಷ್ಟೇ ಕೊಡಿ. ಆ ಸಮಯದಲ್ಲೇ ಮಕ್ಕಳು, ಆಸ್ತಿ, ಪಿಂಚಣಿಯ ಗಂಟುಗಳನ್ನೂ ಬಿಡಿಸಿಕೊಳ್ಳಿ.

ಆ ವಯಸ್ಸಿನ ನೆನಪು ಇಷ್ಟು ಗಾಢವಾಗಿ ಇರುವುದಕ್ಕೆ ಕಾರಣವಿದೆ. ನಡುವಯಸ್ಸು ದಾಟಿದವರನ್ನು ಜೀವನದ ನೆನಪು ಹೇಳಿ ಎಂದು ಕೇಳಿದರೆ ಹತ್ತರಿಂದ ಮೂವತ್ತು ವರ್ಷದ ನಡುವಿನ ಘಟನೆಗಳೇ ಲೆಕ್ಕಕ್ಕಿಂತ ಹೆಚ್ಚಾಗಿ ಬರುತ್ತವೆ. ಮನಶ್ಶಾಸ್ತ್ರಜ್ಞರು ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ. ಮೊದಲ ಕೆಲಸ, ಮೊದಲ ಸಲ ಮನೆ ಬಿಟ್ಟಿದ್ದು, ಮೊದಲ ಪ್ರೀತಿ ಎಲ್ಲವೂ ಆ ಅವಧಿಯವೇ. ಆದ್ದರಿಂದ ದನಿ ಕೇಳಿದ ಕೂಡಲೇ ಎದೆ ಹೊಡೆದುಕೊಂಡರೆ ಅದು ನಿಜವಾದ ಭಾವನೆಯೇ, ನಾಚಿಕೆ ಬೇಡ. ಆದರೆ ಇಬ್ಬರೂ ಒಂದೇ ಮನೆಯಲ್ಲಿ ಇರಬಲ್ಲಿರಾ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಇರುವುದಿಲ್ಲ.

ಈ ವಿಷಯದಲ್ಲಿ ಹೆಚ್ಚು ಕೆಲಸ ಮಾಡಿದವರು ಅಮೆರಿಕದ ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞೆ ನ್ಯಾನ್ಸಿ ಕ್ಯಾಲಿಶ್. 1990ರ ದಶಕದಲ್ಲಿ ಅವರು ಹಳೆಯ ಪ್ರೀತಿಯನ್ನು ಮತ್ತೆ ಕಂಡುಕೊಂಡ 1001 ಜನರಿಂದ ಉತ್ತರ ಪಡೆದರು. ಅವರಲ್ಲಿ ಸುಮಾರು ಶೇ 72ರಷ್ಟು ಜನ ಆಗ ಜೊತೆಯಲ್ಲೇ ಇದ್ದರು. ಈ ಅಂಕಿಯನ್ನು ಎತ್ತಿಕೊಂಡು ಹಳೆಯ ಪ್ರೀತಿ ಗೆದ್ದೇ ಗೆಲ್ಲುತ್ತದೆ ಅನ್ನಬೇಡಿ. ತಾವಾಗಿಯೇ ಮುಂದೆ ಬಂದು ಹೇಳಿಕೊಂಡವರ ಲೆಕ್ಕ ಅದು. ಕಹಿ ಉಂಡವರು ಅಷ್ಟು ಸುಲಭವಾಗಿ ಮುಂದೆ ಬರುವುದಿಲ್ಲ. ಇಂಟರ್ನೆಟ್ ಹರಡಿದ ಮೇಲೆ ಅವರೇ ನಡೆಸಿದ ಇನ್ನೊಂದು ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಬೇರೆ ಮದುವೆಯಲ್ಲಿ ಇದ್ದವರು. ಚಿತ್ರ ಅಷ್ಟು ಸುಂದರವಾಗಿರಲಿಲ್ಲ. ಆ ಅಧ್ಯಯನದಿಂದ ನಮಗೆ ಉಪಯೋಗಕ್ಕೆ ಬರುವ ಮಾತು ಒಂದಿದೆ. ಮೊದಲ ಸಲ ಯಾಕೆ ಅಗಲಿದಿರಿ ಎಂಬುದು ತುಂಬಾ ಮುಖ್ಯ. ಹೊರಗಿನ ಒತ್ತಡದಿಂದ ಅಗಲಿದವರ ದಾರಿ ಬೇರೆ, ತಮ್ಮ ತಮ್ಮ ಜಗಳದಿಂದ ಅಗಲಿದವರ ದಾರಿ ಬೇರೆ.

ನಮ್ಮಲ್ಲಿ ಹೊರಗಿನ ಒತ್ತಡ ಎಂದರೆ ಜಾತಿ, ಗೋತ್ರ, ಜಾತಕ, ತಂಗಿಯ ಮದುವೆ ಮೊದಲಾಗಲಿ ಎಂಬ ಹಟ, ದೂರದ ನೌಕರಿ. ಸಗೋತ್ರ ಎಂಬ ಒಂದೇ ಕಾರಣಕ್ಕೆ ಎಷ್ಟೋ ಜೋಡಿಗಳು ಬೇರೆಯಾಗಿವೆ. ಕಾನೂನಿನಲ್ಲಿ ಆ ತಡೆ 1946ರಲ್ಲೇ ಹೋಗಿತ್ತು, 1955ರ ಹಿಂದೂ ವಿವಾಹ ಕಾಯ್ದೆಯೂ ಸಗೋತ್ರ ಮದುವೆಗೆ ಅಡ್ಡಿ ಮಾಡುವುದಿಲ್ಲ. ಅದು ನೋಡುವುದು ಸಪಿಂಡವನ್ನು, ಅಂದರೆ ಹತ್ತಿರದ ರಕ್ತಸಂಬಂಧವನ್ನು: ತಂದೆಯ ಕಡೆಯಿಂದ ಐದು ತಲೆಮಾರು, ತಾಯಿಯ ಕಡೆಯಿಂದ ಮೂರು. ಅದರಲ್ಲೂ ರೂಢಿ ಇರುವ ಕಡೆ ವಿನಾಯಿತಿ ಇದೆ. ಇಂಥ ಕಾರಣಕ್ಕೆ ಅಗಲಿದ್ದವರಿಗೆ ತಡೆದ ಹಿರಿಯರು ಈಗ ಇಲ್ಲ, ತಡೆ ಕೂಡ ಇಲ್ಲ.

ಆದರೆ ಅಗಲಿದ ಕಾರಣ ಇಬ್ಬರ ತಲೆಯಲ್ಲೂ ಒಂದೇ ಆಗಿರುವುದು ಅಪರೂಪ. ಇವರು 'ನನ್ನ ಪತ್ರಕ್ಕೆ ಅವಳು ಉತ್ತರವನ್ನೇ ಬರೆಯಲಿಲ್ಲ' ಅಂದುಕೊಂಡು ಮೂವತ್ತು ವರ್ಷ ಕಳೆದಿರುತ್ತಾರೆ. ಪತ್ರ ಅವರ ಕೈ ಸೇರುವ ಮೊದಲೇ ಅಣ್ಣನ ಕೈಗೆ ಸಿಕ್ಕಿರುತ್ತದೆ. ಅವರು 'ಇವನು ಹೆದರಿ ಹಿಂದೆ ಸರಿದ' ಅಂದುಕೊಂಡಿರುತ್ತಾರೆ. ಹಾಗಾಗಿ ಮದುವೆಯ ಮಾತು ಎತ್ತುವ ಮುಂಚೆ ಈ ಒಂದು ಕೆಲಸ ಮಾಡಲೇಬೇಕು. ಇಬ್ಬರೂ ಸಮಾಧಾನವಾಗಿ ಕೂತು, ಒಬ್ಬರು ತಮಗೆ ಗೊತ್ತಿದ್ದಷ್ಟನ್ನು ಮೊದಲಿನಿಂದ ಕೊನೆವರೆಗೆ ಹೇಳಬೇಕು. ಕೇಳುವವರು ನಡುವೆ ಬಾಯಿ ಹಾಕಬಾರದು, 'ಹಾಗಲ್ಲ' ಅನ್ನಬಾರದು. ಇನ್ನೊಬ್ಬರ ಸರದಿ ಅದೇ ದಿನ ಬೇಡ, ಮುಂದಿನ ಭೇಟಿಗೆ ಇರಲಿ. ಒಂದೇ ದಿನ ಎರಡೂ ಕಡೆಯ ಕಥೆ ಬಂದರೆ ಎರಡನೆಯದು ಸಮಜಾಯಿಷಿಯಾಗಿ ಬಿಡುತ್ತದೆ. ಕೇಳಿದ ಮೇಲೆ ನೋಡಬೇಕಾದ್ದು ಒಂದನ್ನೇ: ಆಗ ನಮ್ಮನ್ನು ಬೇರೆ ಮಾಡಿದ ಗುಣ ಯಾವುದಾದರೂ ಇಬ್ಬರಲ್ಲಿ ಈಗಲೂ ಇದೆಯೇ? ಸಂಶಯ, ಕುಡಿತ, ಸಿಟ್ಟು, ಮನೆಯವರ ಎದುರು ಬಾಯಿ ಬಿಡದ ಸ್ವಭಾವ. ಇದ್ದರೆ ಅದು ವಯಸ್ಸಿನ ಜೊತೆ ಕರಗಿರುತ್ತದೆ ಎಂದು ನಂಬಬೇಡಿ.

ಇನ್ನು ಮೊದಲ ಹೆಜ್ಜೆಗೆ ಬರೋಣ. ಮೊದಲ ಸಂದೇಶ ನಾಲ್ಕೈದು ಸಾಲು ಸಾಕು. ನಾನು ಇಂಥವರು, ಇಂಥ ಕಾಲೇಜಿನಲ್ಲಿ ಜೊತೆಗೆ ಓದಿದವರು, ನಿಮ್ಮ ನಂಬರ್ ಇಂಥವರಿಂದ ಸಿಕ್ಕಿತು, ಮಾತಾಡುವ ಮನಸ್ಸಿದ್ದರೆ ತಿಳಿಸಿ, ಇಲ್ಲದಿದ್ದರೆ ಬೇಸರವಿಲ್ಲ. ಹಗಲು ಹೊತ್ತಿನಲ್ಲಿ ಕಳಿಸಿ. ಆ ಫೋನನ್ನು ಮನೆಯಲ್ಲಿ ಇನ್ಯಾರು ನೋಡುತ್ತಾರೋ ನಿಮಗೆ ಗೊತ್ತಿಲ್ಲ, ಆದ್ದರಿಂದ ಹಳೆಯ ಅಡ್ಡಹೆಸರು, ಹಳೆಯ ಫೋಟೊ ಬೇಡ. ಆಗ 'ನೀನು' ಅನ್ನುತ್ತಿದ್ದರೂ ಈಗ 'ನೀವು' ಎಂದೇ ಶುರುಮಾಡಿ, ಸಲುಗೆಗೆ ಅವರು ಕರೆಯಲಿ. ಉತ್ತರ ಬಾರದಿದ್ದರೆ ಅಲ್ಲಿಗೆ ಬಿಡಿ. ಬೇಡ ಎಂದು ಸ್ಪಷ್ಟಪಡಿಸಿದ ಹೆಂಗಸನ್ನು ಮತ್ತೆ ಮತ್ತೆ ಸಂಪರ್ಕಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಪ್ರಕಾರ ಅಪರಾಧ. ಮೊದಲ ಸಲಕ್ಕೆ ಮೂರು ವರ್ಷದವರೆಗೆ ಶಿಕ್ಷೆ ಇದೆ.

ಸಂದೇಶ ನಿಮಗೇ ಬಂದಿದ್ದರೆ ಮೊದಲು ಅವರು ಅವರೇನಾ ಎಂದು ಖಾತ್ರಿ ಮಾಡಿಕೊಳ್ಳಿ. ಫೇಸ್‌ಬುಕ್ಕಿನಲ್ಲಿ ಸಿಗುವ ಹಳೆಯ ತರಗತಿ ಫೋಟೊ, ಹೆಸರು, ಊರು ಇಟ್ಟುಕೊಂಡು ಸಹಪಾಠಿಯಂತೆ ನಟಿಸುವ ವಂಚಕರು ಇದ್ದಾರೆ. ಒಂಟಿಯಾದ ಹಿರಿಯರೇ ಅವರ ಗುರಿ. ವಿಡಿಯೊ ಕರೆಯಲ್ಲಿ ಮಾತಾಡಿ, ಎಲ್ಲೂ ಬರೆದಿರಲಾರದ ಒಂದು ಹಳೆಯ ಸಂಗತಿ ಕೇಳಿ, ಇಬ್ಬರಿಗೂ ಗೊತ್ತಿರುವ ಒಬ್ಬ ಸ್ನೇಹಿತರಲ್ಲಿ ವಿಚಾರಿಸಿ. ಆಸ್ಪತ್ರೆ ಖರ್ಚು, ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡ ಉಡುಗೊರೆ, ಹೂಡಿಕೆ, ಯಾವುದೇ ಹೆಸರಲ್ಲಿ ಹಣದ ಮಾತು ಬಂದರೆ ಸಂಪರ್ಕ ನಿಲ್ಲಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ದೂರು ಕೊಟ್ಟಷ್ಟೂ ಆ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಮೊದಲ ಎರಡು ಭೇಟಿ ಬಹಳ ಚೆನ್ನಾಗಿ ನಡೆಯುತ್ತವೆ. ಮೇಷ್ಟರು, ಹಾಸ್ಟೆಲ್, ಬಸ್‌ಸ್ಟ್ಯಾಂಡ್, ಯಾರು ಎಲ್ಲಿದ್ದಾರೆ, ಯಾರು ಹೋದರು. ಮೂರನೆಯದೋ ನಾಲ್ಕನೆಯದೋ ಭೇಟಿಯ ಹೊತ್ತಿಗೆ ಹಂಚಿಕೊಂಡ ನೆನಪು ಮುಗಿಯುತ್ತದೆ, ಮಾತು ನಿಲ್ಲುತ್ತದೆ. ಆಗ ಹಲವರು ಗಾಬರಿಯಾಗಿ ಪ್ರೀತಿ ಇಷ್ಟೇ ಇತ್ತೇನೋ ಅಂದುಕೊಳ್ಳುತ್ತಾರೆ. ಇನ್ನು ಕೆಲವರು ಆ ಮೌನ ತುಂಬಲು ಅವಸರವಾಗಿ ಮದುವೆಯ ಮಾತು ತೆಗೆಯುತ್ತಾರೆ. ಎರಡೂ ಬೇಡ. ಪರಿಚಯ ಶುರುವಾಗುವುದೇ ಆ ಮೌನದಿಂದ. ಅಲ್ಲಿಂದ ಮುಂದೆ ನಡುವಿನ ಮೂವತ್ತು ವರ್ಷದ ಬಗ್ಗೆ ಕೇಳಿ. ಅವರ ಸಂಸಾರ ಹೇಗಿತ್ತು, ಯಾವ ಸೋಲು ಕಂಡರು, ತಂದೆತಾಯಿಯನ್ನು ಯಾರು ನೋಡಿಕೊಂಡರು, ಈಗ ದಿನ ಹೇಗೆ ಕಳೆಯುತ್ತದೆ. ತೀರಿಕೊಂಡ ಗಂಡ ಅಥವಾ ಹೆಂಡತಿಯ ಹೆಸರು ಬಂದಾಗ ಮುಖ ತಿರುಗಿಸಬೇಡಿ. ಆ ಹೆಸರನ್ನು ನಿಮ್ಮೆದುರು ಎತ್ತಲು ಅಂಜುವ ಸ್ಥಿತಿ ಬಂದರೆ ಮುಂದೆ ಬದುಕು ಕಷ್ಟ.

ಹೋಟೆಲಿನ ಭೇಟಿಗಳಿಂದ ಮನುಷ್ಯ ಗೊತ್ತಾಗುವುದಿಲ್ಲ. ಬ್ಯಾಂಕಿನ ಸಾಲು, ಆಸ್ಪತ್ರೆಯ ಓಪಿಡಿ, ತಡವಾದ ರೈಲು, ಹೇಳದೆ ಬಂದ ನೆಂಟರು, ಉಪ್ಪು ಹೆಚ್ಚಾದ ಸಾರು, ಇಂಥ ಕಡೆ ಅವರು ಹೇಗೆ ಇರುತ್ತಾರೆ ನೋಡಿ. ಆಟೊದವರ ಹತ್ತಿರ, ಮನೆ ಕೆಲಸದವರ ಹತ್ತಿರ ಮಾತಾಡುವ ಬಗೆ ನೋಡಿ. ವಾರಕ್ಕೊಂದು ಭೇಟಿ ಎಂದುಕೊಂಡರೂ ಆರು ತಿಂಗಳಿಂದ ವರ್ಷ ತೆಗೆದುಕೊಳ್ಳಿ. ಒಂದು ಹಬ್ಬ, ಒಂದು ಕಾಯಿಲೆ, ಒಂದು ಜಗಳ, ಈ ಮೂರೂ ಆ ಅವಧಿಯಲ್ಲಿ ಆಗಿಹೋಗಲಿ ಎನ್ನುವುದು ನನ್ನ ಸಲಹೆ. ಸಂಗಾತಿ ತೀರಿಕೊಂಡು ವರ್ಷಾಬ್ದಿಕವೂ ಆಗಿಲ್ಲದಿದ್ದರೆ ನಿರ್ಧಾರವನ್ನೇ ಮುಂದಕ್ಕೆ ಹಾಕಿ. ದುಃಖ ಯಾವುದು, ಪ್ರೀತಿ ಯಾವುದು ಎಂದು ಆ ಹೊತ್ತಿನಲ್ಲಿ ನಿಮಗೇ ಬಿಡಿಸಿಕೊಳ್ಳಲು ಆಗುವುದಿಲ್ಲ.

ಒಬ್ಬರು ಸಂಸಾರದಲ್ಲಿ ಇದ್ದರೆ? 2018ರಲ್ಲಿ ಸುಪ್ರೀಂ ಕೋರ್ಟ್ ವ್ಯಭಿಚಾರವನ್ನು ಅಪರಾಧದ ಪಟ್ಟಿಯಿಂದ ತೆಗೆದಿದೆ. ಆದರೆ ವಿಚ್ಛೇದನಕ್ಕೆ ಅದು ಈಗಲೂ ಕಾರಣ. ಹಿಂದೂ, ಕ್ರೈಸ್ತರಲ್ಲಿ ಮೊದಲ ಮದುವೆ ಊರ್ಜಿತವಿರುವಾಗ ಇನ್ನೊಂದು ಮದುವೆಯಾದರೆ ಅದು ಅಸಿಂಧು, ಏಳು ವರ್ಷದವರೆಗೆ ಜೈಲೂ ಇದೆ. ಕಾನೂನು ಬದಿಗಿರಲಿ. ಬಂದ ಸಂದೇಶವನ್ನು ಓದಿ ಅಳಿಸುವ ಅಭ್ಯಾಸ ಶುರುವಾಗಿದ್ದರೆ ಅದು ಸ್ನೇಹದ ಗಡಿ ದಾಟಿದೆ ಎಂದೇ ತಿಳಿಯಿರಿ. ಮನೆಯಲ್ಲಿ ಇರುವ ಸಂಗಾತಿ ಆ ಇಪ್ಪತ್ತರ ನೆನಪಿನ ಜೊತೆ ಸ್ಪರ್ಧಿಸಬೇಕಾಗುತ್ತದೆ. ಆ ನೆನಪಿಗೆ ಗೊರಕೆ ಇಲ್ಲ, ಸಾಲ ಇಲ್ಲ, ವಯಸ್ಸೂ ಆಗಿಲ್ಲ. ಇದು ನ್ಯಾಯವಲ್ಲ. ಇರುವ ಮದುವೆಯನ್ನು ಏನು ಮಾಡಬೇಕೆಂದು ಮೊದಲು ಪ್ರಾಮಾಣಿಕವಾಗಿ ತೀರ್ಮಾನಿಸಿ, ಅಲ್ಲಿಯವರೆಗೆ ಇದನ್ನು ಮುಟ್ಟಬೇಡಿ.

ಮಕ್ಕಳ ವಿಷಯ ಕಷ್ಟದ್ದು. ಮೂರನೆಯವರಿಂದ ಅವರ ಕಿವಿಗೆ ಬೀಳುವ ಮೊದಲು ನೀವೇ ಹೇಳಿ. ಪ್ರತಿ ಮಗುವಿಗೂ ಬೇರೆ ಬೇರೆಯಾಗಿ, ಎದುರು ಕೂತು, ನಿಮ್ಮ ಗೆಳೆಯ ಅಥವಾ ಗೆಳತಿ ಜೊತೆಯಲ್ಲಿ ಇಲ್ಲದಾಗ ಹೇಳಿ. ಹಬ್ಬದ ದಿನ, ಅಳಿಯ ಸೊಸೆಯರ ಮುಂದೆ ಬೇಡ. 'ಮಾಡಿಕೊಳ್ಳಲಾ?' ಎಂದು ಕೇಳಿದರೆ ಬೇಡ ಎನ್ನುವ ಭಾರವನ್ನು ಅವರ ತಲೆಗೆ ಹೊರಿಸಿದಂತೆ. 'ಹೀಗೆ ಯೋಚಿಸುತ್ತಿದ್ದೇನೆ, ನಿನಗೆ ಯಾವುದು ಕಷ್ಟ ಅನ್ನಿಸುತ್ತದೆ ಹೇಳು' ಎಂದು ಕೇಳಿ. ಒಂದು ಮಾತನ್ನು ಮಾತ್ರ ಮಕ್ಕಳ ಮುಂದೆ ಆಡಬಾರದು: 'ನಾನು ಮೊದಲಿನಿಂದಲೂ ಇವರನ್ನೇ ಪ್ರೀತಿಸಿದ್ದು'. ಅದನ್ನು ಕೇಳಿದ ಮಗಳಿಗೆ ತನ್ನ ಅಮ್ಮನ ಇಡೀ ಬದುಕೇ ಸುಳ್ಳಾಗಿ ಕಾಣುತ್ತದೆ. ನಿಮ್ಮ ಮೊದಲ ಮದುವೆಯೂ ನಿಜವಾಗಿತ್ತು, ಇದೂ ನಿಜ ಎಂದು ಹೇಳಿ.

ಗೋಡೆಯ ಮೇಲಿನ ಹಾರ ಹಾಕಿದ ಫೋಟೊ ಎಲ್ಲಿರಬೇಕು, ವರ್ಷದ ತಿಥಿ ಯಾರ ಮನೆಯಲ್ಲಿ, ಅಂದು ಹೊಸ ಸಂಗಾತಿ ಅಲ್ಲಿರಬೇಕೇ, ಅಮ್ಮನ ಸೀರೆ, ಒಡವೆ ಯಾರಿಗೆ? ಇವು ಸಣ್ಣ ವಿಷಯ ಎಂದು ಬಿಟ್ಟವರೇ ಮುಂದೆ ಇವುಗಳ ಮೇಲೆ ಜಗಳ ಆಡುವುದು. ಫೋಟೊ ತೆಗೆಯಬೇಡಿ, ಮಲಗುವ ಕೋಣೆಯಿಂದ ನಡುಮನೆಗೆ ಬರಲಿ. ಅಮ್ಮನ ಒಡವೆಯನ್ನು ಮದುವೆಗೆ ಮುಂಚೆಯೇ ಹೆಣ್ಣುಮಕ್ಕಳಿಗೆ, ಸೊಸೆಗೆ ಕೊಟ್ಟುಬಿಡಿ. ಇನ್ನು 'ಈ ವಯಸ್ಸಿನಲ್ಲಿ, ಅದೂ ಗಂಡ ಸತ್ತವಳು' ಎನ್ನುವವರಿಗೆ ಒಂದು ಮಾತು. ಉಡಕಿ, ಕೂಡಿಕೆ ಎಂದು ವಿಧವೆಯರ ಮರುಮದುವೆ ನಮ್ಮ ನಾಡಿನ ಎಷ್ಟೋ ಸಮುದಾಯಗಳಲ್ಲಿ ಕಾನೂನು ಬರುವ ಮೊದಲೇ ರೂಢಿಯಲ್ಲಿತ್ತು. 1856ರ ಕಾಯ್ದೆ ಬಂದದ್ದು ಆ ರೂಢಿ ಇಲ್ಲದ ಜಾತಿಗಳಿಗಾಗಿ.

ಮದುವೆಯಾಗುವುದೆಂದು ನಿರ್ಧಾರವಾದರೆ ಕಾಗದಪತ್ರ ನೋಡಿ. ಸಂಗಾತಿ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಬೇಕು. ವಿಚ್ಛೇದನವಾಗಿದ್ದರೆ ಕೋರ್ಟಿನ ಡಿಕ್ರಿಯ ದೃಢೀಕೃತ ಪ್ರತಿ ಬೇಕು, ಮೇಲ್ಮನವಿಯ ಅವಧಿಯೂ ಮುಗಿದಿರಬೇಕು. ಹಿಂದೂ ವಿವಾಹ ಕಾಯ್ದೆಯಲ್ಲಿ ಅದು 90 ದಿನ. ಛಾಪಾ ಕಾಗದದ ಮೇಲೆ ಪಂಚರ ಮುಂದೆ ಬರೆದ ಬಿಡುಗಡೆ ಪತ್ರವನ್ನು ವಿಚ್ಛೇದನ ಎಂದು ನಂಬಿ ಮೋಸಹೋದವರು ಬಹಳ. ಸಮುದಾಯದಲ್ಲಿ ಹಾಗೊಂದು ರೂಢಿ ಇದೆ ಎಂದು ಸಾಬೀತಾಗದ ಹೊರತು ಅದು ನಿಲ್ಲುವುದಿಲ್ಲ. ಇಪ್ಪತ್ತು ವರ್ಷ ದೂರ ಇದ್ದ ಮಾತ್ರಕ್ಕೂ ಮದುವೆ ಮುರಿಯುವುದಿಲ್ಲ. ಗಂಡ ಏಳು ವರ್ಷದಿಂದ ಪತ್ತೆಯಿಲ್ಲದಿದ್ದರೂ ಅದು ವಿಚ್ಛೇದನ ಕೇಳಲು ಒಂದು ಕಾರಣ ಅಷ್ಟೇ, ಕೋರ್ಟಿಗೆ ಹೋಗಲೇಬೇಕು.

ಇಬ್ಬರೂ ಹಿಂದೂಗಳಾದರೆ ಶಾಸ್ತ್ರದ ಮದುವೆಯಾಗಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಬಹುದು. ಧರ್ಮ ಬೇರೆಯಾದರೆ, ಅಥವಾ ಶಾಸ್ತ್ರ ಬೇಡವೆಂದರೆ, 1954ರ ವಿಶೇಷ ವಿವಾಹ ಕಾಯ್ದೆ ಇದೆ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು. ನೋಟಿಸ್ ಕೊಟ್ಟ ಮೇಲೆ 30 ದಿನ ಆಕ್ಷೇಪಣೆಗೆ ಕಾಯುತ್ತಾರೆ, ನೋಟಿಸ್ ಕೊಟ್ಟ ಮೂರು ತಿಂಗಳ ಒಳಗೆ ಮದುವೆ ಮುಗಿಯಬೇಕು, ಮೂವರು ಸಾಕ್ಷಿಗಳು ಬೇಕು. ಆ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. ಕಾಯಂ ವಾಸ ಬೇರೆ ಜಿಲ್ಲೆಯಾದರೆ ಅಲ್ಲಿಗೂ ಒಂದು ಪ್ರತಿ ಹೋಗುತ್ತದೆ. ಆದ್ದರಿಂದ ಮಕ್ಕಳಿಗೆ ಹೇಳದೆ ನೋಟಿಸ್ ಕೊಡಬೇಡಿ.

ಮಕ್ಕಳ ವಿರೋಧದ ಒಳಗೆ ಹೆಚ್ಚಾಗಿ ಇರುವುದು ಆಸ್ತಿಯ ಭಯ. ಅದನ್ನು ದುರಾಸೆ ಎಂದು ಬಯ್ಯಬೇಡಿ, ಕಾನೂನಿನಲ್ಲಿ ಆ ಭಯಕ್ಕೆ ಆಧಾರವಿದೆ. ಹಿಂದೂ ಗಂಡಸು ವಿಲ್ ಬರೆಯದೆ ತೀರಿಕೊಂಡರೆ ಅವನ ಆಸ್ತಿ ಹೆಂಡತಿ, ಮಕ್ಕಳು ಮತ್ತು ಬದುಕಿದ್ದರೆ ತಾಯಿಗೆ ಸಮನಾಗಿ ಹೋಗುತ್ತದೆ. ಇಬ್ಬರು ಮಕ್ಕಳಿದ್ದು ತಾಯಿ ಇಲ್ಲದಿದ್ದರೆ ಹೊಸ ಹೆಂಡತಿಗೆ ಮೂರರಲ್ಲಿ ಒಂದು ಪಾಲು. ಹೆಂಗಸಿನ ವಿಷಯ ಇನ್ನೂ ಸೂಕ್ಷ್ಮ. ಮೊದಲ ಗಂಡನಿಂದ ಬಂದ ಪಾಲು ಆಕೆಯ ಸ್ವಂತ ಆಸ್ತಿ, ಮರುಮದುವೆಯಾದರೂ ಅದು ಹೋಗುವುದಿಲ್ಲ. ಆದರೆ ಆಕೆ ವಿಲ್ ಬರೆಯದೆ ತೀರಿಕೊಂಡರೆ ಮಕ್ಕಳ ಜೊತೆಗೆ ಎರಡನೇ ಗಂಡನೂ ಪಾಲುದಾರ. ಅಪ್ಪ ಕಟ್ಟಿಸಿದ ಮನೆಯಲ್ಲಿ ಅಮ್ಮನ ಹೊಸ ಗಂಡನಿಗೆ ಪಾಲು ಎಂಬುದೇ ಮಕ್ಕಳನ್ನು ಕೆರಳಿಸುವುದು. ಮಲಮಕ್ಕಳಿಗಂತೂ ಮಲತಂದೆಯ ಆಸ್ತಿಯಲ್ಲಿ ನೇರ ಹಕ್ಕಿಲ್ಲ.

ಪರಿಹಾರ ಇದೆ. ಮದುವೆಯ ಹೊತ್ತಿಗೇ ಇಬ್ಬರೂ ವಿಲ್ ಬರೆಯಿರಿ. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ. ಇಬ್ಬರು ಸಾಕ್ಷಿಗಳ ರುಜು ಬೇಕು, ಆಸ್ತಿ ಪಡೆಯುವವರು ಸಾಕ್ಷಿ ಹಾಕದಿದ್ದರೆ ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಪಿತ್ರಾರ್ಜಿತ ಆಸ್ತಿಯಾದರೆ ನಿಮ್ಮ ಪಾಲಿಗೆ ಮಾತ್ರ ವಿಲ್ ಬರೆಯಬಹುದು. ಹಿಂದೂಗಳ ಹಳೆಯ ವಿಲ್ ಮದುವೆಯಿಂದ ರದ್ದಾಗುವುದಿಲ್ಲ. ಕ್ರೈಸ್ತರಲ್ಲಿ ಮದುವೆಯಾದ ಕೂಡಲೇ ಹಳೆಯ ವಿಲ್ ರದ್ದು, ಹೊಸದು ಬರೆಯಲೇಬೇಕು. ಮುಸ್ಲಿಮರಲ್ಲಿ ವಾರಸುದಾರರ ಒಪ್ಪಿಗೆ ಇಲ್ಲದೆ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚಿಗೆ ವಿಲ್ ನಡೆಯುವುದಿಲ್ಲ. ಮಕ್ಕಳಿದ್ದರೆ ಹೆಂಡತಿಯ ಪಾಲು ಎಂಟರಲ್ಲಿ ಒಂದು.

'ಹೆಂಡತಿ ಇರುವವರೆಗೆ ಈ ಮನೆಯಲ್ಲಿ ವಾಸವಿರಲಿ, ಆಮೇಲೆ ಮಕ್ಕಳಿಗೆ' ಎಂದು ಹಲವರು ಬರೆಸುತ್ತಾರೆ. ಉದ್ದೇಶ ಒಳ್ಳೆಯದು, ಬರೆಯುವ ರೀತಿಯಲ್ಲಿ ಅಪಾಯವಿದೆ. 1977ರ ತುಳಸಮ್ಮ ಪ್ರಕರಣದಲ್ಲಿ, ಜೀವನಾಂಶದ ಹಕ್ಕಿಗೆ ಬದಲಾಗಿ ಹಿಂದೂ ಹೆಂಗಸಿಗೆ ಕೊಟ್ಟ ಸೀಮಿತ ಹಕ್ಕು ಪೂರ್ಣ ಒಡೆತನವಾಗುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ಒಂದು ಪದ ಆಚೀಚೆಯಾದರೂ ನಿಮ್ಮ ಇಚ್ಛೆ ತಲೆಕೆಳಗಾಗಬಹುದು. ಈ ಒಂದು ವಾಕ್ಯಕ್ಕಾದರೂ ಸಿವಿಲ್ ವಕೀಲರಿಗೆ ಶುಲ್ಕ ಕೊಡಿ. ಬ್ಯಾಂಕಿನ ನಾಮಿನಿ ಹಣದ ಒಡೆಯರಲ್ಲ, ವಾರಸುದಾರರ ಪರವಾಗಿ ಪಡೆಯುವವರು ಎಂಬುದನ್ನೂ ಮಕ್ಕಳಿಗೆ ತಿಳಿಸಿ.

ಪಿಂಚಣಿಯ ಲೆಕ್ಕವನ್ನು ಮದುವೆಗೆ ಮುಂಚೆ ಮಾಡಬೇಕು, ಆಮೇಲೆ ಸರಿಮಾಡಲು ಬರುವುದಿಲ್ಲ. ಇಪಿಎಫ್‌ನ 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ವಿಧವಾ ಪಿಂಚಣಿ ಮರುಮದುವೆಯ ದಿನಕ್ಕೆ ನಿಲ್ಲುತ್ತದೆ. ಕೇಂದ್ರ ಸರ್ಕಾರಿ ನೌಕರರ ಕುಟುಂಬ ಪಿಂಚಣಿಯೂ ಹಾಗೆಯೇ. ಮಕ್ಕಳಿಲ್ಲದ ವಿಧವೆಗೆ ಮಾತ್ರ, ಬೇರೆ ಆದಾಯ ನಿಗದಿತ ಮಿತಿಯೊಳಗಿದ್ದರೆ, ಮುಂದುವರಿಯುತ್ತದೆ. ಇನ್ನೊಂದು ಬದಿಯೂ ಇದೆ. ಕೇಂದ್ರದ ನಿವೃತ್ತ ನೌಕರರು ನಿವೃತ್ತಿಯ ನಂತರ ಮದುವೆಯಾದರೂ ಆ ಸಂಗಾತಿಗೆ ಕುಟುಂಬ ಪಿಂಚಣಿಯ ಹಕ್ಕಿದೆ. ಮದುವೆ ಪ್ರಮಾಣಪತ್ರ, ಜಂಟಿ ಫೋಟೊ ಕೊಟ್ಟು ಹೆಸರು ಸೇರಿಸಬೇಕು. ರಾಜ್ಯ ಸರ್ಕಾರ, ಬ್ಯಾಂಕ್, ಎಲ್‌ಐಸಿ ನೌಕರರು ತಮ್ಮ ತಮ್ಮ ಕಚೇರಿಯಲ್ಲಿ ಲಿಖಿತವಾಗಿ ಕೇಳಿ, ಉತ್ತರವನ್ನೂ ಲಿಖಿತವಾಗಿಯೇ ಪಡೆಯಿರಿ. ಮದುವೆಯಾದದ್ದನ್ನು ಮುಚ್ಚಿಟ್ಟು ಪಿಂಚಣಿ ತೆಗೆದುಕೊಂಡರೆ ಪಡೆದ ಹಣವನ್ನೆಲ್ಲ ವಾಪಸು ಕಟ್ಟಬೇಕಾಗುತ್ತದೆ.

ಆರೋಗ್ಯದ ಬಗ್ಗೆ ಸಂಕೋಚ ಬೇಡ. ಇಬ್ಬರೂ ತಮ್ಮ ಮಾತ್ರೆಗಳ ಪಟ್ಟಿಯನ್ನು ಒಬ್ಬರಿಗೊಬ್ಬರು ತೋರಿಸಿ. ಮುಟ್ಟು ನಿಂತ ಮೇಲೆ ಒಣಗುವಿಕೆಯಿಂದ ನೋವಾಗುವುದು ಸಾಮಾನ್ಯ, ಸ್ತ್ರೀರೋಗ ವೈದ್ಯರಲ್ಲಿ ಚಿಕಿತ್ಸೆ ಇದೆ. ಎದೆನೋವಿಗೆ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವ ಗಂಡಸರು ಲೈಂಗಿಕ ಶಕ್ತಿಗೆಂದು ನುಂಗುವ ಸಿಲ್ಡೆನಫಿಲ್ (ವಯಾಗ್ರ) ಜಾತಿಯ ಮಾತ್ರೆಯನ್ನು ಮುಟ್ಟಲೇಬಾರದು. ಎರಡೂ ಸೇರಿದರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯುತ್ತದೆ. ಗೆಳೆಯರು ಕೊಟ್ಟರೆಂದು, ಅಂಗಡಿಯಲ್ಲಿ ಸಿಕ್ಕಿತೆಂದು ನುಂಗಬೇಡಿ. ಎಚ್‌ಐವಿ, ಹೆಪಟೈಟಿಸ್ ಬಿ ಪರೀಕ್ಷೆ ಇಬ್ಬರೂ ಮಾಡಿಸಿಕೊಳ್ಳುವುದು ವಿವೇಕ.

ವಾಸಕ್ಕೆ ಸಾಧ್ಯವಾದರೆ ಇಬ್ಬರಿಗೂ ಹೊಸದಾದ ಬಾಡಿಗೆ ಮನೆ ಹಿಡಿಯಿರಿ. ಒಬ್ಬರ ಹಳೆಯ ಮನೆಯಲ್ಲಿ ಇನ್ನೊಬ್ಬರು ಎಷ್ಟು ವರ್ಷ ಇದ್ದರೂ ಅಡುಗೆಮನೆಯ ಡಬ್ಬಿಗಳ ಜಾಗ ಬದಲಿಸಲು ಅಳುಕುತ್ತಾರೆ. ಹಣಕ್ಕೆ ಮೂರು ಖಾತೆ ಸಾಕು: ಇಬ್ಬರದು ಒಂದೊಂದು, ಮನೆ ಖರ್ಚಿಗೆ ಜಂಟಿಯಾಗಿ ಒಂದು. ಆ ಜಂಟಿ ಖಾತೆಗೆ ಇಬ್ಬರೂ ತಮ್ಮ ಆದಾಯದ ಪ್ರಮಾಣಕ್ಕೆ ತಕ್ಕಂತೆ ತಿಂಗಳು ತಿಂಗಳು ಹಾಕಿ.

ಪಿಂಚಣಿಗಾಗಿಯೋ ಮಕ್ಕಳಿಗಾಗಿಯೋ ಮದುವೆಯಾಗದೆ ಜೊತೆಗಿರುವವರು ಇದ್ದಾರೆ, ತಂತಮ್ಮ ಮನೆಯಲ್ಲೇ ಇದ್ದು ಹಗಲು ಜೊತೆ ಕಳೆಯುವವರೂ ಇದ್ದಾರೆ. ಅದೂ ಗೌರವದ ಬದುಕೇ. ಮದುವೆಯಂತೆ ಒಂದೇ ಮನೆಯಲ್ಲಿ ಬಾಳುವ ಹೆಂಗಸಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಸಿಗಬಹುದು. ವಾರಸು ಹಕ್ಕು ಮಾತ್ರ ಇರುವುದಿಲ್ಲ, ಏನು ಕೊಡುವುದಿದ್ದರೂ ವಿಲ್‌ನಲ್ಲಿ ಹೆಸರು ಹಾಕಿ ಬರೆಯಬೇಕು. ಇಂಥವರಿಗೆ ತೊಂದರೆ ಬರುವುದು ಆಸ್ಪತ್ರೆಯಲ್ಲಿ. ಶಸ್ತ್ರಚಿಕಿತ್ಸೆಯ ಒಪ್ಪಿಗೆಗೆ ರಕ್ತಸಂಬಂಧಿ ಬೇಕು ಎಂದು ಕೇಳುತ್ತಾರೆ, ಐಸಿಯು ಒಳಗೆ ಬಿಡುವುದಿಲ್ಲ. ಆರೋಗ್ಯವಾಗಿರುವಾಗಲೇ ಒಂದು ಪತ್ರ ಬರೆದು, ನನ್ನ ಚಿಕಿತ್ಸೆಯ ಮಾಹಿತಿ ಇಂಥವರಿಗೆ ಕೊಡಬಹುದು, ತುರ್ತಿನಲ್ಲಿ ಇವರನ್ನು ಕರೆಯಿರಿ ಎಂದು ರುಜು ಮಾಡಿ ನಿಮ್ಮ ವೈದ್ಯರ ಫೈಲಿನಲ್ಲಿ ಇಡಿಸಿ. ಅದರ ಒಂದು ಪ್ರತಿ ಮಕ್ಕಳ ಹತ್ತಿರ ಇರಲಿ. ಮಕ್ಕಳ ನಂಬರ್ ಇವರ ಫೋನಿನಲ್ಲಿ, ಇವರ ನಂಬರ್ ಮಕ್ಕಳ ಫೋನಿನಲ್ಲಿ ಇರಲಿ. ಅದಕ್ಕೂ ಮುಂಚೆ ಒಂದು ಭಾನುವಾರ ಎಲ್ಲರೂ ಜೊತೆಗೆ ಕೂತು ಊಟ ಮಾಡಿರಬೇಕು.